ಕೈ ನಿಂತ ಮೇಲೂ ನಡೆಯಬೇಕಾದ ತಾಳ

ನಾನು ಮೃದಂಗ ನುಡಿಸುವವನು. ಲಯ ಗಟ್ಟಿ ಮಾಡಿಕೊಳ್ಳಬೇಕೆಂದು ಗಾಯನ, ಪಿಟೀಲು, ವೀಣೆ ಕಲಿಯುವವರೂ ಬರುತ್ತಾರೆ. ಗಾಯಕರಾದರೆ, ಚೆನ್ನಾಗಿ ಪಾಠವಾಗಿರುವ ಆದಿತಾಳದ, ಅಂದರೆ ಎಂಟು ಅಕ್ಷರಗಳ (ಎಣಿಕೆಗಳ) ತಾಳದ, ಒಂದು ವರ್ಣವನ್ನು (ಒಂದು ಬಗೆಯ ಸಂಗೀತ ರಚನೆ) ತಾಳ ಹಾಕಿಕೊಂಡು ಹಾಡಲು ಹೇಳಿ, ಅವರ ಕೈಯನ್ನೇ ನೋಡುತ್ತಾ ಕೂರುತ್ತೇನೆ. ಸಲೀಸಾದ ಜಾಗದಲ್ಲಿ ಪೆಟ್ಟು ಹದವಾಗಿ ಬೀಳುತ್ತದೆ. ಗಮಕ, ಅಂದರೆ ಸ್ವರದ ಬಳುಕು, ತುಂಬಿದ ಜಾಗ ಬಂದೊಡನೆ ಕೈ ಕಂಠಕ್ಕಾಗಿ ಕಾಯುತ್ತದೆ. ಅದನ್ನು ದಾಟಿದ ಮೇಲೆ ಅವಸರಪಡುತ್ತದೆ. ಎಂಟು ಅಕ್ಷರಕ್ಕೆ ಎಂಟೂ ಲೆಕ್ಕ ಸಿಗುತ್ತದೆ, ಆದರೆ ಕಾಲಪ್ರಮಾಣ (ಹಿಡಿದ ವೇಗ) ಸ್ಥಿರವಾಗಿ ನಿಂತಿರುವುದಿಲ್ಲ. ಹಾಡಿಗೆ ಆಧಾರವಾಗಬೇಕಾದ ಕೈ ಹಾಡಿನ ಬೆನ್ನು ಹತ್ತಿರುತ್ತದೆ.

ಇದಕ್ಕೆ ಎಲ್ಲರೂ ಹುಡುಕುವ ಮದ್ದು, ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಮೊಬೈಲಿನ ಮೆಟ್ರೊನೋಮ್. ಅದರ ಜೊತೆ ತಿಂಗಳುಗಟ್ಟಲೆ ಹಾಡಿದವರೂ ಅದು ನಿಂತ ಕೂಡಲೇ ಮೊದಲಿನಂತೆ ಓಡುವುದನ್ನು ಕಂಡಿದ್ದೇನೆ. ಅಷ್ಟು ದಿನವೂ ಕಾಲವನ್ನು ಹೊತ್ತಿದ್ದು ಯಂತ್ರ. ಹಾಗಾಗಿ ನನ್ನ ಪಾಠದಲ್ಲಿ ಆಧಾರವನ್ನು ಒಂದೊಂದಾಗಿ ತೆಗೆಯುವುದೇ ಮುಖ್ಯ.

ನಿಮಿಷಕ್ಕೆ 60ರ ವೇಗ ಹಿಡಿದರೆ ಅಕ್ಷರಕ್ಕೆ ಒಂದು ಸೆಕೆಂಡ್. ಮೊದಲ ಆವರ್ತದಲ್ಲಿ, ಅಂದರೆ ತಾಳದ ಎಂಟು ಅಕ್ಷರಗಳ ಒಂದು ಸುತ್ತಿನಲ್ಲಿ, ತಾಳ ಹಾಕುತ್ತಾ ಪ್ರತಿ ಅಕ್ಷರಕ್ಕೂ ‘ತಕಧಿಮಿ’ ಎಂದು ಬಾಯಿಬಿಟ್ಟು ಹೇಳಬೇಕು. ಎರಡನೆಯದರಲ್ಲಿ ಬಾಯಿ ಮುಚ್ಚಿ ಕೈ ಮಾತ್ರ. ಮೂರನೆಯದರಲ್ಲಿ ಕೈಯೂ ತೊಡೆಯ ಮೇಲೆ ಸುಮ್ಮನೆ ಮಲಗಿರಬೇಕು. ನಾಲ್ಕನೆಯದರ ಸಮಕ್ಕೆ, ಅಂದರೆ ಮೊದಲ ಪೆಟ್ಟಿಗೆ, ಎಲ್ಲರೂ ‘ತ’ ಎನ್ನಬೇಕು. ಮೆಟ್ರೊನೋಮಿನ ಸದ್ದು ಆಗ ನನ್ನ ಕಿವಿಯ ಇಯರ್‌ಫೋನಿನಲ್ಲಿ ಮಾತ್ರ ಇರುತ್ತದೆ.

ಪಿಟೀಲು ಕಲಿಯುವ ಒಬ್ಬ ಹುಡುಗಿ ಪ್ರತಿ ಸಲವೂ ಸಮಕ್ಕಿಂತ ಮೊದಲೇ ಬಂದುಬಿಡುತ್ತಿದ್ದಳು. “ಒಳಗೆ ಏನು ಹೇಳಿಕೊಳ್ಳುತ್ತಿದ್ದೀಯಮ್ಮ?” ಎಂದು ಕೇಳಿದೆ. “ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದೇನೆ ಸರ್” ಎಂದಳು. ಎರಡು ಎಣಿಕೆಗಳ ನಡುವಿನ ಜಾಗ ಅವಳಲ್ಲಿ ಖಾಲಿ ಇತ್ತು. ಖಾಲಿ ಜಾಗ ಯಾವಾಗಲೂ ಕುಗ್ಗುತ್ತದೆ. ದ್ರುತದ ಹುಸಿಯಲ್ಲಂತೂ, ಅಂದರೆ ಪೆಟ್ಟಿನ ನಂತರ ಕೈ ಬೀಸುವ ಎಣಿಕೆಯಲ್ಲಿ, ಕೈಗೆ ಸದ್ದೇ ಇಲ್ಲ, ಆದ್ದರಿಂದ ಓಟ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಎಣಿಕೆ ಬಿಡಿಸಿ ಒಳಗೂ ತಕಧಿಮಿಯನ್ನೇ ಹೇಳಿಕೊಳ್ಳಲು ಹಚ್ಚಿದೆ. ಆಮೇಲೆ ‘ತ’ ಮತ್ತು ‘ಧಿ’ ಮಾತ್ರ ಹೊರಗೆ ಕೇಳಬೇಕು, ಉಳಿದೆರಡು ಒಳಗೆ. ಆಮೇಲೆ ‘ತ’ ಒಂದೇ. ಕೊನೆಗೆ ‘ಮಿ’ ಒಂದೇ. ಈ ‘ಮಿ’ ಪಾಠ ನನಗೆ ಬಹಳ ಪ್ರಿಯ. ಪೆಟ್ಟಿನ ಹಿಂದಿನ ಕೊನೆಯ ಕಾಲು ಭಾಗ ಅದು. ಅದು ಸ್ಪಷ್ಟವಾಗಿ ಕೇಳಿಸಿದರೆ ಮುಂದಿನ ಪೆಟ್ಟು ಬೇಗ ಬೀಳಲು ದಾರಿಯೇ ಇಲ್ಲ. ಆ ಹುಡುಗಿಯ ಸಮ ಕೂತದ್ದು ‘ಮಿ’ ಹಿಡಿದ ಮೇಲೆ.

ನಂತರ ನಡೆ, ಅಂದರೆ ಒಂದು ಅಕ್ಷರವನ್ನು ಎಷ್ಟು ಭಾಗ ಮಾಡುತ್ತೇವೆ ಎಂಬುದು. ಕೈಯ ವೇಗ ಬದಲಿಸದೆ ಅಕ್ಷರಕ್ಕೆ ತಕಿಟ, ತಕಧಿಮಿ, ತಕತಕಿಟ, ಅಂದರೆ ಮೂರು, ನಾಲ್ಕು, ಐದು. ಏರುವುದನ್ನು ಬೇಗ ಕಲಿಯುತ್ತಾರೆ. ಐದರಿಂದ ನಾಲ್ಕಕ್ಕೆ ಇಳಿಯುವಾಗ ಕೈ ಸಡಿಲಾಗುತ್ತದೆ. ಈ ಸಡಿಲ ಹೋಗುವವರೆಗೂ ಕೋರ್ವೆ (ಲೆಕ್ಕ ಹಾಕಿ ಹೆಣೆದ ಲಯದ ಮುಕ್ತಾಯ) ಕಲಿಸಿ ಎಂದು ಎಷ್ಟು ಕೇಳಿಕೊಂಡರೂ ನಾನು ಕಲಿಸುವುದಿಲ್ಲ. ವೇಗ ಹೆಚ್ಚಿಸಲೂ ಬಿಡುವುದಿಲ್ಲ. 60 ಹಿಡಿದವರನ್ನು 40ಕ್ಕೆ ಇಳಿಸುತ್ತೇನೆ. ಲಯದ ನಿಜವಾದ ಪರೀಕ್ಷೆ ವಿಳಂಬ ಕಾಲದಲ್ಲೇ.

ಇಷ್ಟಾದ ಮೇಲೆ ಮತ್ತೆ ವರ್ಣ. ಕೈ ಕಾಯುತ್ತಿದ್ದ ಜಾಗದ ಸ್ವರಗಳನ್ನು ರಾಗವಿಲ್ಲದೆ, ಬರೀ ಮಾತಿನಂತೆ ತಾಳಕ್ಕೆ ಹೇಳಿಸುತ್ತೇನೆ. ಅದು ಸರಿಹೋದ ಮೇಲೆಯೇ ಗಮಕ. ಸಮ ಕಳೆದು ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಇರುವ ಕೃತಿಗಳನ್ನೂ ಆಗ ತೆಗೆದುಕೊಳ್ಳುತ್ತೇವೆ. ಸದ್ದಿಲ್ಲದ ಆ ಸಮ ಒಳಗೆ ಕೇಳಿಸಿದವರು ಗಾಬರಿಯಿಲ್ಲದೆ ಎತ್ತಿಕೊಳ್ಳುತ್ತಾರೆ.

ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರು ಹೀಗೆ ಮಾಡಬಹುದು: 60ರ ವೇಗದಲ್ಲಿ ಒಂದು ಆವರ್ತ ಹಾಕಿ ಮೆಟ್ರೊನೋಮ್ ನಿಲ್ಲಿಸಿ. ಕಾಲ ಬಿಡದೆ, ಮುಂದಿನ ಒಂದು ಸಮಕ್ಕೆ ಸ್ಟಾಪ್‌ವಾಚ್ ಒತ್ತಿ, ಕಣ್ಣು ಮುಚ್ಚಿ, ಕೈ ಆಡಿಸದೆ ಎರಡು ಆವರ್ತ ಕಳೆದು ಮತ್ತೆ ಒತ್ತಿ. 16 ಸೆಕೆಂಡ್ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಓಡುತ್ತಿದ್ದೀರಿ, ಹೆಚ್ಚು ಬಂದರೆ ಎಳೆಯುತ್ತಿದ್ದೀರಿ. 40ರ ವೇಗಕ್ಕಾದರೆ 24.