ಕ್ಯಾಲೆಂಡರಿನ ವಚನ ಓದುವ ಮುನ್ನ

ಬೈಬಲ್ಲಿನ ಯೆರೆಮೀಯ 29:11 (ನಿಮ್ಮ ಬಗ್ಗೆ ನನಗಿರುವ ಯೋಚನೆ ಹಾನಿಯದಲ್ಲ, ಹಿತದ್ದೇ; ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂಬ ದೇವರ ಮಾತು) ಕ್ಯಾಲೆಂಡರಿನಲ್ಲೋ ವಾಟ್ಸಾಪ್‌ನಲ್ಲೋ ಬಂದರೆ ಅಷ್ಟಕ್ಕೇ ನಿಲ್ಲಬೇಡಿ, 4ರಿಂದ 14ನೇ ವಚನದವರೆಗೆ ಜೋರಾಗಿ ಓದಿ. ಎರಡು ನಿಮಿಷ ಸಾಕು. ಇದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಬೇಗ ಬಿಡುಗಡೆ ಎಂದ ಪ್ರವಾದಿಗಳನ್ನು ನಂಬಬೇಡಿ ಎನ್ನುತ್ತದೆ 8ನೇ ವಚನ. 10ನೆಯದು 70 ವರ್ಷ ಕಾಯಿಸುತ್ತದೆ. ಇದನ್ನು ಬಿಟ್ಟು 11ನ್ನಷ್ಟೇ ಹಿಡಿದುಕೊಂಡವರು, ಬೇಡಿದ ಕೆಲಸ ತಿಂಗಳಲ್ಲಿ ಸಿಗದಿದ್ದರೆ ದೇವರು ಮಾತು ತಪ್ಪಿದನೆಂದು ಕುಗ್ಗಿಹೋಗುತ್ತಾರೆ.

ಓದಿದ ಮೇಲೆ 5–7ನೇ ವಚನಗಳ ಕ್ರಿಯಾಪದಗಳಿಗೆ ಪೆನ್ಸಿಲಿನಿಂದ ಗೆರೆ ಹಾಕಿ: ಮನೆ ಕಟ್ಟಿ, ತೋಟ ಮಾಡಿ, ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಊರು ಎಂದರೆ ಸೆರೆಯಾಳುಗಳನ್ನು ಒಯ್ದವರದೇ ಊರು! (ಕ್ಯಾಲೆಂಡರಿನಲ್ಲಿ ಈ ವಚನ ಕಾಣುವುದು ಅಪರೂಪ.) ನಿಮಗೆ ಕಿರಿಕಿರಿ ಕೊಡುವ ಮೇಲಧಿಕಾರಿಯ ಹೆಸರನ್ನು ಅಂಚಿನಲ್ಲಿ ಬರೆದು, ಒಂದು ವಾರ ಅವರಿಗಾಗಿ ಪ್ರಾರ್ಥಿಸಿ. 11ನೇ ವಚನಕ್ಕೆ ಆಮೇಲೆ ಬನ್ನಿ.