ಮೋರಿಸ್ ಮೈನರ್ ಕೊಳ್ಳುವ ಮುನ್ನ ಅದರ ತಳಕ್ಕಿಳಿದು ನೋಡಿ

ಬ್ರಿಟನ್ನಿನ ಹಳೆಯ ಸಂಸಾರದ ಕಾರುಗಳ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಆಯಿಲ್ ಸೋರುತ್ತವೆ, ಮಳೆ ಬಂದರೆ ನಿಲ್ಲುತ್ತವೆ, ಲ್ಯೂಕಾಸ್ ಕಂಪನಿಯ ದೀಪ ನಂಬಿ ರಾತ್ರಿ ಹೊರಡಬಾರದು ಎನ್ನುವುದು ಒಂದು. ಇನ್ನೊಂದು ಮೋರಿಸ್ ಮೈನರ್‌ನದು: ಅದಕ್ಕೆ ಸಾವೇ ಇಲ್ಲ. 1948ರಿಂದ 1971ರವರೆಗೆ ಸುಮಾರು ಹದಿನಾರು ಲಕ್ಷ ಮೈನರ್‌ಗಳು ಹೊರಬಂದವು. ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಅದು. ಮೈನರ್‌ಗಳ ಕೆಲಸ ಮಾಡುವ ನನಗೆ ಕಂಡಂತೆ, ಎಂಜಿನ್ ಮಟ್ಟಿಗೆ ಆ ಹೊಗಳಿಕೆ ನಿಜ. ತಳದ ಮಟ್ಟಿಗೆ ಅದನ್ನು ನಂಬಿದವರು ಕೆಡುತ್ತಾರೆ.

ನಾನು ಬಾನೆಟ್ ಎತ್ತುವುದು ಕೊನೆಗೆ. ಮೊದಲು ಮುಂದಿನ ಚಕ್ರ ನೆಲ ಬಿಡುವಂತೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸುತ್ತೇನೆ. ಅಲುಗಿದರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳುತ್ತೇನೆ. ಅಲುಗು ನಿಂತರೆ ತಪ್ಪು ಬೇರಿಂಗ್‌ನದು, ನಿಲ್ಲದಿದ್ದರೆ ಟ್ರನಿಯನ್‌ನದು. ಮೈನರ್‌ನ ಮುಂದಿನ ಚಕ್ರವನ್ನು ಹೊತ್ತು ನಿಂತ ಕಂಬಿ ಸ್ವಿವೆಲ್ ಪಿನ್. ಅದರ ಎರಡು ತುದಿಯಲ್ಲೂ ಮರೆಯಿದೆ, ಅಂದರೆ ಬೋಲ್ಟ್‌ಗಿರುವಂಥ ಸುರುಳಿಗೆರೆ. ಅದರ ಮೇಲೆ ನಟ್‌ನಂತೆ ಕೂರುವ ತುಂಡೇ ಟ್ರನಿಯನ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವುದೇ ಆ ಮರೆಯ ಮೇಲೆ. ಗ್ರೀಸ್ ಒಣಗಿದಲ್ಲಿ ನೀರು, ಮಣ್ಣು ಸೇರಿ ಮರೆ ಸವೆಯುತ್ತದೆ. ಕೊನೆಗೊಂದು ದಿನ ಕೆಳಗಿನ ಟ್ರನಿಯನ್ ಪಿನ್‌ನಿಂದ ಕಳಚಿ, ಚಕ್ರ ಕಾರಿನಡಿ ಮಡಚಿಕೊಳ್ಳುತ್ತದೆ. ಹೆಚ್ಚಾಗಿ ಇದು ನಿಧಾನವಾಗಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಆಗುತ್ತದೆ ಎನ್ನುವುದೊಂದೇ ಸಮಾಧಾನ.

ಔಷಧ ಅಗ್ಗ. 1000 ಮೈಲಿಗೊಮ್ಮೆ ಗ್ರೀಸ್ ಗನ್. ಚಕ್ರ ನೇತಾಡುತ್ತಿರುವಾಗಲೇ ಹೊಡೆಯಬೇಕು. ಭಾರ ಹೊತ್ತ ಮರೆಯೊಳಕ್ಕೆ ಗ್ರೀಸ್ ಸರಿಯಾಗಿ ಇಳಿಯುವುದಿಲ್ಲ. ಹೊಸ ಗ್ರೀಸ್ ಇಣುಕುವವರೆಗೆ ಒತ್ತಿ, ಸ್ಟೀರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಮತ್ತೆ ಒತ್ತಬೇಕು. ನಿಪ್ಪಲ್ (ಗ್ರೀಸ್ ತೂರಿಸುವ ಮೂತಿ) ಕಟ್ಟಿದ್ದರೆ ಬದಲಿಸಿ, ಬಲಪ್ರಯೋಗ ಬೇಡ. (ಟ್ರಯಂಫ್ ಹೆರಾಲ್ಡ್ ಕಾರಿನ ಟ್ರನಿಯನ್‌ಗೆ ಮಾತ್ರ ಗ್ರೀಸ್ ಅಲ್ಲ, ದಪ್ಪ ಗೇರ್ ಆಯಿಲ್. ಅದರದೇ ರೂಪವಾಗಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಇಟ್ಟುಕೊಂಡಿರುವವರು ಗಮನಿಸಿ.)

ಅದೇ ಸ್ಟ್ಯಾಂಡ್ ಮೇಲೆ ತುಕ್ಕಿನ ಪರೀಕ್ಷೆಯೂ ಮುಗಿಯಲಿ. ಮುಂದಿನ ಸೀಟುಗಳ ಅಡಿಯ ಕ್ರಾಸ್‌ಮೆಂಬರ್‌ನ (ಅಡ್ಡತೊಲೆಯ) ತುದಿಗಳು, ಹಿಂದಿನ ಸ್ಪ್ರಿಂಗ್ ಸಿಕ್ಕಿಸಿರುವ ಹ್ಯಾಂಗರ್, ಬಾಗಿಲ ಕೆಳಗಿನ ಸಿಲ್‌ನ ಒಳಪದರ: ಈ ಮೂರು ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಮುಂದಿನ ಚಕ್ರಗಳಿಗೆ ಸ್ಪ್ರಿಂಗ್ ಆಗಿ ತಿರುಚಿಕೊಳ್ಳುವ ಉದ್ದ ಸರಳು ಟಾರ್ಷನ್ ಬಾರ್; ಅದರ ಹಿಂದುಗಡೆಯ ಹಿಡಿತ ಆ ಕ್ರಾಸ್‌ಮೆಂಬರ್‌ನಲ್ಲೇ ಇದೆ. ಕ್ರಾಸ್‌ಮೆಂಬರ್ ಕೊಳೆತರೆ ಮುಂದಿನ ಸಸ್ಪೆನ್ಷನ್‌ಗೇ ಆಧಾರವಿಲ್ಲ. ಹೊಸ ತಗಡನ್ನು ಹಳೆಯ ತುಕ್ಕಿನ ಮೇಲೇ ಬೆಸೆದಿರುವುದು ಸಾಮಾನ್ಯ. ಟ್ರಾವೆಲರ್ ಮಾದರಿಯ ಹಿಂಭಾಗದ ಆಶ್ ಮರ ಅಲಂಕಾರವಲ್ಲ, ಕಾರಿನ ಎಲುಬು. ಕೀಲುಗಳಲ್ಲಿ ಕಪ್ಪಾಗಿ ಮೆತ್ತಗಾಗಿದ್ದರೆ ಬೆಲೆ ಮಾತಾಡುವುದನ್ನು ಅಲ್ಲಿಗೇ ನಿಲ್ಲಿಸಿ. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರ ಮೇ ತಿಂಗಳಿಂದ ಬ್ರಿಟನ್ನಿನಲ್ಲಿ ವಾಹನ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ಪರೀಕ್ಷೆ ಕಡ್ಡಾಯವಲ್ಲ. ಹಾಗಾಗಿ ಹೀಗೆ ಯಾರೂ ಚುಚ್ಚಿ ನೋಡದ ಕಾರುಗಳೂ ಮಾರಾಟಕ್ಕೆ ಬರುತ್ತವೆ.

ಲ್ಯೂಕಾಸ್‌ಗೆ ಬಂದ ಕೆಟ್ಟ ಹೆಸರಿನಲ್ಲಿ ಮುಕ್ಕಾಲು ಪಾಲು ಜೋಡಣೆಗಳ ಕಿಲುಬಿನದು. ತಂತಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರ್ ಬಿಚ್ಚಿ, ಉಜ್ಜಿ, ವ್ಯಾಸಲಿನ್ ಸವರಿ ಮುಚ್ಚಿದರೆ ದೀಪಗಳು ಹೊಳೆಯುತ್ತವೆ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಎಂಜಿನನ್ನು ಬಾಡಿಗೆ ಸೇರಿಸುವ ಅರ್ಥ್ ಪಟ್ಟಿ ತುಂಡಾಗಿದ್ದರೆ ಸ್ಟಾರ್ಟರ್‌ನ ಕರೆಂಟ್ ಚೋಕ್ ಕೇಬಲ್ ಹಿಡಿದು ಹರಿಯುತ್ತದೆ. ಸ್ಟಾರ್ಟ್ ಮಾಡುವಾಗ ಆ ಕೇಬಲ್ ಬಿಸಿಯಾದರೆ ಸ್ಟಾರ್ಟರ್ ಬದಲಿಸಲು ಹೊರಡಬೇಡಿ, ಪಟ್ಟಿ ನೋಡಿ. ಮೂಲ ಕಾರು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರುತ್ತದೆ ಎಂಬುದೂ ನೆನಪಿರಲಿ. ಬ್ಯಾಟರಿ ಜೋಡಿಸುವಾಗ ಮರೆತರೆ ಎಲೆಕ್ಟ್ರಾನಿಕ್ ಇಗ್ನಿಷನ್ ಸುಟ್ಟೀತು. ಎಸ್‌ಯು ಕಂಪನಿಯ ವಿದ್ಯುತ್ ಪೆಟ್ರೋಲ್ ಪಂಪ್ ಕೀ ತಿರುಗಿಸಿದಾಗ ಟಿಕ್ ಟಿಕ್ ಎಂದು ನಿಲ್ಲಬೇಕು. ನಿಲ್ಲದೆ ಬಡಿಯುತ್ತಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಹೀರುವ ಕಡೆ ಗಾಳಿ ಸೇರುತ್ತಿದೆ. ಸದ್ದೇ ಇಲ್ಲ, ಸ್ಪ್ಯಾನರ್‌ನಿಂದ ತಟ್ಟಿದರೆ ಓಡುತ್ತದೆ ಎಂದರೆ ಪಂಪಿನೊಳಗಿನ ಸಂಪರ್ಕ ಪಾಯಿಂಟ್ ಕರಿಕಟ್ಟಿದೆ.

ಎಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 948 ಸಿಸಿ ಆಗಲಿ, 1962ರ ನಂತರದ 1098 ಆಗಲಿ, 20ಡಬ್ಲ್ಯು-50 ಆಯಿಲ್ 3.7 ಲೀಟರ್. ವಾಲ್ವ್ ಗ್ಯಾಪ್ ತಣ್ಣಗಿದ್ದಾಗ 0.012 ಇಂಚು; 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 7 ತೆರೆದಾಗ 2ನೆಯದನ್ನು ಅಳೆಯಿರಿ, ಹೀಗೆ ಎರಡು ವಾಲ್ವ್‌ಗಳ ಸಂಖ್ಯೆಯ ಮೊತ್ತ ಒಂಬತ್ತಾಗಬೇಕು. ಪ್ಲಗ್ ಗ್ಯಾಪ್ 0.025 ಇಂಚು, ಡಿಸ್ಟ್ರಿಬ್ಯೂಟರ್ ಪಾಯಿಂಟ್‌ನದು 0.015. ಎಂಜಿನ್ ಹಿಂಬದಿಯಿಂದ ಆಯಿಲ್ ತೊಟ್ಟಿಕ್ಕಿದರೆ ಸೀಲ್ ಹುಡುಕಬೇಡಿ. ಅಲ್ಲಿ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ಹಿಂದಕ್ಕೆಳೆಯುವ ಸುರುಳಿಗೆರೆ ಇದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿ ಒಳಗೆ ಒತ್ತಡ ಏರಿದರೆ ಗೆರೆ ಸೋಲುತ್ತದೆ. ಮೊದಲು ಬ್ರೀದರ್ ತೊಳೆಯಿರಿ.

ಬೈಸಿಕೊಳ್ಳಬೇಕಾದ ಭಾಗವೆಂದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್. ಅದನ್ನು ಡ್ರೈವರ್ ಕಾಲಡಿಯ ಚಾಸಿಸ್ ತೊಲೆಯೊಳಗೆ ತುರುಕಿದ್ದಾರೆ. ಬೋಲ್ಟ್ ಹೊರಗೆಳೆಯಲು ಹೋದರೆ ಟಾರ್ಷನ್ ಬಾರ್ ಅಡ್ಡ ಬರುತ್ತದೆ. ಒಮ್ಮೆ ಹೇಗೋ ಬಿಡಿಸಿದ ಮೇಲೆ, ಮರುಜೋಡಣೆಯಲ್ಲಿ ಬೋಲ್ಟ್‌ಗಳನ್ನು ತಿರುವುಮುರುವಾಗಿ, ನಟ್ ಟಾರ್ಷನ್ ಬಾರ್ ಕಡೆ ಬರುವಂತೆ ಹಾಕಿ. ಮುಂದಿನ ಸಲ ಬಾರ್ ಮುಟ್ಟದೆ ಬಿಚ್ಚಬಹುದು.