ಮನೆಯ ಮೊಲಕ್ಕೆ ಬೇಸರವೇ? ಆಟಿಕೆಗಿಂತ ಮೊದಲು ಕೆಲಸ ಕೊಡಿ

ಮೊಲವನ್ನು ಮನೆಗೆ ತರುವವರಲ್ಲಿ ಹೆಚ್ಚಿನವರು ಅದರ ಜೊತೆಗೆ ಒಂದು ತಂತಿಯ ಗೂಡು, ನೀರಿನ ಬಾಟಲಿ ಮತ್ತು ಒಂದು ಚೀಲ ಪೆಲೆಟ್ (ಗುಳಿಗೆಯಂತೆ ಒತ್ತಿದ ಒಣ ಆಹಾರ) ಕೊಂಡು ತಂದರೆ ವ್ಯವಸ್ಥೆ ಮುಗಿಯಿತೆಂದು ಭಾವಿಸುತ್ತಾರೆ. ಮೊದಲ ಕೆಲವು ವಾರ ಮಕ್ಕಳು ಗೂಡಿನ ಸುತ್ತಲೇ ಇರುತ್ತಾರೆ. ಶಾಲೆ, ಟ್ಯೂಷನ್, ಪರೀಕ್ಷೆ ಎಂದು ಅವರ ಗಮನ ಬೇರೆಡೆಗೆ ಸರಿದ ಮೇಲೆ ಮೊಲ ಬಾಲ್ಕನಿಯ ಮೂಲೆ ಸೇರುತ್ತದೆ. ಆಮೇಲೆ ಬರುವ ದೂರುಗಳು ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ರಾತ್ರಿಯಿಡೀ ಗೂಡಿನ ಸರಳು ಕಡಿಯುತ್ತದೆ, ಹೊರಗೆ ಬಿಟ್ಟರೆ ಚಾರ್ಜರ್ ವಯರ್ ತುಂಡರಿಸುತ್ತದೆ, ಸೋಫಾದ ಅಂಚು ಕೆರೆಯುತ್ತದೆ, ಕೈ ಚಾಚಿದರೆ ಗುರುಗುಟ್ಟಿ ಮುಂಗಾಲಿನಿಂದ ಹೊಡೆಯುತ್ತದೆ. ಇವುಗಳಲ್ಲಿ ಬಹುಪಾಲು ತಂಟೆಯಲ್ಲ. ಮಾಡಲು ಕೆಲಸವಿಲ್ಲದ ಪ್ರಾಣಿಯ ಚಡಪಡಿಕೆ.

ಇದಕ್ಕೆ ಕಾರಣ ಅದರ ಮೂಲದಲ್ಲಿದೆ. ನಾವು ಸಾಕುವ ಬಿಳಿ, ಕಂದು, ಮಚ್ಚೆಯ ಮೊಲಗಳೆಲ್ಲವೂ ಸ್ಪೇನ್ ಮತ್ತು ಪೋರ್ಚುಗಲ್ ಕಡೆಯ ಯುರೋಪಿನ ಕಾಡುಮೊಲದ ಸಂತತಿ. ನಮ್ಮ ಹೊಲಗಳಲ್ಲಿ ಓಡಾಡುವ ಕಾಡುಮೊಲ ಬೇರೆಯದೇ ಜಾತಿ. ಅದು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುತ್ತದೆ. (1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಹೊಲದಲ್ಲಿ ಸಿಕ್ಕ ಮರಿಯನ್ನು ಮನೆಗೆ ತಂದು ಸಾಕುವಂತಿಲ್ಲ.) ಯುರೋಪಿನ ಮೊಲವಾದರೋ ಗುಂಪು ಕಟ್ಟಿಕೊಂಡು ಬದುಕುತ್ತದೆ, ನೆಲದಡಿ ಕವಲು ಕವಲಾಗಿ ಸುರಂಗ ತೋಡುತ್ತದೆ, ಮುಂಜಾನೆ ಮತ್ತು ಮುಸ್ಸಂಜೆ ಗಂಟೆಗಟ್ಟಲೆ ಮೇಯುತ್ತದೆ. ಮೇಯುವುದು, ಅಗೆಯುವುದು, ಕಡಿಯುವುದು, ಓಡುವುದು, ಅಡಗಿ ನೋಡುವುದು – ಇವೇ ಅದರ ದಿನಚರಿ. ಎರಡಡಿ ಗೂಡಿನಲ್ಲಿ, ಬಟ್ಟಲಿಗೆ ಸುರಿದ ಪೆಲೆಟ್ ಐದು ನಿಮಿಷದಲ್ಲಿ ಖಾಲಿಯಾದ ಮೇಲೆ, ಉಳಿದ ಹೊತ್ತೆಲ್ಲ ಅದಕ್ಕೆ ಖಾಲಿ. ಆದ್ದರಿಂದ ಬಣ್ಣದ ಆಟಿಕೆ ಹುಡುಕುವುದಕ್ಕಿಂತ ಮೊದಲು ಈ ಕೆಲಸಗಳನ್ನು ಒಂದೊಂದಾಗಿ ಮನೆಯೊಳಗೆ ಹೇಗೆ ಒದಗಿಸಬಹುದೆಂದು ಯೋಚಿಸಬೇಕು.

ಮೊದಲು ನೋಡಬೇಕಾದದ್ದು: ಬೇಸರವೋ, ಕಾಯಿಲೆಯೋ?

ಸರಳು ಕಡಿಯುವುದು, ಒಂದೇ ಮೂಲೆಯನ್ನು ಕೆರೆಯುತ್ತಿರುವುದು, ಅತಿಯಾಗಿ ಮೈ ನೆಕ್ಕಿಕೊಳ್ಳುವುದು, ಕಂಡದ್ದಕ್ಕೆಲ್ಲ ಮೇಲೆರಗುವುದು ಬೇಸರದ ಲಕ್ಷಣಗಳು. ಆದರೆ ಮೊಲ ಬೆನ್ನು ಬಾಗಿಸಿ ಒಂದೆಡೆ ಮುದುಡಿ ಕುಳಿತು, ಹಲ್ಲು ಗಟ್ಟಿಯಾಗಿ ಕಡಿಯುತ್ತಾ, ಇಷ್ಟದ ಸೊಪ್ಪನ್ನೂ ಮೂಸದೆ ಇದ್ದರೆ ಅದು ನೋವು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಕರುಳಿನ ಚಲನೆ ನಿಂತಿರುವ ಸಾಧ್ಯತೆಯಿದ್ದು, ಅದು ಪ್ರಾಣಕ್ಕೇ ಅಪಾಯ; ಮರುದಿನದವರೆಗೆ ಕಾಯದೆ ಮೊಲಗಳಿಗೆ ಚಿಕಿತ್ಸೆ ಕೊಟ್ಟು ಅಭ್ಯಾಸವಿರುವ ಪಶುವೈದ್ಯರಲ್ಲಿಗೆ ಹೋಗಬೇಕು. ಹೆಣ್ಣು ಮೊಲ ತನ್ನ ಎದೆಯ, ಹೊಟ್ಟೆಯ ರೋಮ ಕಿತ್ತು ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಓಡಾಡುತ್ತಿದ್ದರೆ ಗೂಡು ಕಟ್ಟುತ್ತಿದೆಯೆಂದು ಅರ್ಥ. ನಿಜವಾದ ಗರ್ಭವಿಲ್ಲದೆಯೂ ಹೀಗಾಗುವುದುಂಟು, ಎರಡು ಮೂರು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ.

ಜಾಗ ಬಿಡಿಸಿಕೊಡಿ

ಎಷ್ಟೇ ಆಟಿಕೆ ಹಾಕಿದರೂ ಗೂಡು ಗೂಡೇ. ಬ್ರಿಟನ್ನಿನ ಮೊಲ ಹಿತರಕ್ಷಣಾ ಸಂಸ್ಥೆಯಾದ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಒಂದು ಜೋಡಿ ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕೆಂದು ಹೇಳುತ್ತದೆ. ನಗರದ ಫ್ಲ್ಯಾಟಿನಲ್ಲಿ ಇಷ್ಟು ಜಾಗವನ್ನು ಮೊಲಕ್ಕೆಂದೇ ಮೀಸಲಿಡುವುದು ಎಲ್ಲರಿಗೂ ಆಗದು. ಗೂಡಿನ ಬಾಗಿಲು ತೆಗೆದಿಟ್ಟು ಅದರ ಸುತ್ತ ಮಡಚುವ ಬೇಲಿ ನಿಲ್ಲಿಸಿ, ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಒಂದು ಕೋಣೆಯಲ್ಲಿ ಬಿಟ್ಟರೆ ಸಾಕಷ್ಟು ಮಟ್ಟಿಗೆ ಆ ಕೊರತೆ ತುಂಬುತ್ತದೆ. ಬಿಡುವ ಹೊತ್ತು ಮುಖ್ಯ. ನಡು ಮಧ್ಯಾಹ್ನ ಮೊಲ ಮಲಗುವ ಸಮಯ. ಆಗ ಹೊರಗೆ ಬಿಟ್ಟು ‘ಇದು ಆಡುವುದೇ ಇಲ್ಲ’ ಎಂದು ಬೇಸರಪಡುವುದರಲ್ಲಿ ಅರ್ಥವಿಲ್ಲ. ಬೆಳಗಿನ ಕಾಫಿಯ ಹೊತ್ತು ಮತ್ತು ಸಂಜೆ ದೀಪ ಹಚ್ಚಿದ ನಂತರದ ಹೊತ್ತು ಅದಕ್ಕೆ ಹೇಳಿ ಮಾಡಿಸಿದ್ದು.

ಬಿಡುವ ಮುನ್ನ ಕೋಣೆಯನ್ನು ಮೊಲದ ಎತ್ತರದಿಂದ, ಅಂದರೆ ನೆಲಕ್ಕೆ ಕುಳಿತು, ಒಮ್ಮೆ ನೋಡಿ. ವಯರ್‌ಗಳನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಬೇಕು ಅಥವಾ ಎತ್ತರಕ್ಕೆ ಕಟ್ಟಬೇಕು. ಮನಿ ಪ್ಲಾಂಟ್, ಕಣಗಿಲೆ, ಎಕ್ಕ, ಉಮ್ಮತ್ತಿಯಂಥ ವಿಷದ ಗಿಡಗಳ ಕುಂಡಗಳು ಅದಕ್ಕೆ ಎಟುಕಬಾರದು. ವಿಟ್ರಿಫೈಡ್ ಟೈಲ್ಸ್ ಮೇಲೆ ಮೊಲದ ಕಾಲು ಜಾರುತ್ತದೆ. ಅದರ ಪಾದದಡಿ ನಾಯಿ ಬೆಕ್ಕುಗಳಿಗಿರುವಂತೆ ಮೆತ್ತೆಯಿಲ್ಲ, ಬರೀ ರೋಮ. ಹಳೆಯ ಜಮಖಾನವನ್ನೋ ಹತ್ತಿಯ ಚಾಪೆಯನ್ನೋ ಹಾಸಿದ ಕೂಡಲೇ, ಅಲ್ಲಿಯವರೆಗೆ ಗೋಡೆಗೆ ಅಂಟಿ ಕುಳಿತಿದ್ದ ಮೊಲ ಓಡಾಡತೊಡಗುವುದನ್ನು ಕಾಣಬಹುದು. ಟೆರೇಸಿನಲ್ಲಿ ಬಿಡುವವರು ಹದ್ದು, ಕಾಗೆ, ಬೆಕ್ಕುಗಳನ್ನು ಮರೆಯದೆ ಪಕ್ಕದಲ್ಲೇ ಇರಬೇಕು.

ಊಟವನ್ನೇ ಕೆಲಸವಾಗಿಸಿ

ಒಂದೇ ಒಂದು ಬದಲಾವಣೆ ಮಾಡಲು ಮಾತ್ರ ಬಿಡುವಿದ್ದರೆ ಇದನ್ನು ಮಾಡಿ. ಮೊಲದ ಆಹಾರದಲ್ಲಿ ನೂರಕ್ಕೆ ಎಂಬತ್ತು ಭಾಗ ಹುಲ್ಲು ಅಥವಾ ಒಣಹುಲ್ಲು ಇರಬೇಕು. ಅದರ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆ. ಒರಟು ಹುಲ್ಲನ್ನು ಅಗಿದಾಗಲೇ ಅವು ಸವೆಯುತ್ತವೆ, ಕರುಳೂ ಚಲಿಸುತ್ತಿರುತ್ತದೆ. ಅಂಗಡಿಯಲ್ಲಿ ಸಿಗುವ ಟಿಮೋಥಿ ಎಂಬ ಒಣಹುಲ್ಲು ದುಬಾರಿಯೆನಿಸಿದರೆ ಕೀಟನಾಶಕ ಸಿಂಪಡಿಸದ ಕಡೆಯಿಂದ ತಂದು ತೊಳೆದ ಗರಿಕೆ ಒಳ್ಳೆಯದು. ಹಸಿಯಾಗಿಯೂ ಕೊಡಬಹುದು, ನೆರಳಿನಲ್ಲಿ ಒಣಗಿಸಿಯೂ ಕೊಡಬಹುದು. ಭತ್ತದ ಹುಲ್ಲು ಹಾಸಲು ಸರಿ, ಆದರೆ ಅದರಲ್ಲಿ ಪೋಷಕಾಂಶ ಕಡಿಮೆ.

ಈ ಹುಲ್ಲನ್ನು ಒಂದೆಡೆ ರಾಶಿ ಹಾಕುವ ಬದಲು ಮೂರು ನಾಲ್ಕು ಕಡೆ, ಬೇರೆ ಬೇರೆ ರೀತಿಯಲ್ಲಿ ಇಡಿ. ಒಂದು ಕಡೆ ಬಣ್ಣ ಬಳಿಯದ ಬಿದಿರು ಬುಟ್ಟಿಯಲ್ಲಿ ಒತ್ತಾಗಿ ತುಂಬಿ. ಇನ್ನೊಂದು ಕಡೆ ಟಿಶ್ಯೂ ಕಾಗದದ ಖಾಲಿ ಸುರುಳಿಯೊಳಗೆ ತುರುಕಿ ಎರಡೂ ತುದಿ ಮಡಚಿ. ಮತ್ತೊಂದು ಕಡೆ ರಟ್ಟಿನ ಪೆಟ್ಟಿಗೆಗೆ ಎರಡು ಬೆರಳು ಹಿಡಿಸುವಷ್ಟು ತೂತು ಕೊರೆದು, ಎಳೆ ಎಳೆಯಾಗಿ ಎಳೆದು ತಿನ್ನುವಂತೆ ಮಾಡಿ. ಪೆಲೆಟ್ ಕೊಡುವವರು ಅದನ್ನು ಬಟ್ಟಲಿಗೆ ಹಾಕದೆ ಒಣಹುಲ್ಲಿನ ನಡುವೆ ಚೆಲ್ಲಬೇಕು; ದೊಡ್ಡ ಮೊಲಕ್ಕೆ ಅದರ ತೂಕದ ಒಂದು ಕಿಲೋಗೆ ದಿನಕ್ಕೆ 25 ಗ್ರಾಂ ಮೀರುವ ಅಗತ್ಯವಿಲ್ಲ. ಐದು ನಿಮಿಷದ ಊಟ ಇದರಿಂದ ಅರ್ಧ ಗಂಟೆಯ ಹುಡುಕಾಟವಾಗುತ್ತದೆ. ಕೊತ್ತಂಬರಿ, ಪುದೀನ ಕಂತೆಗಳನ್ನು ದಾರದಿಂದಲ್ಲದೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಬೇಲಿಗೆ ಸಿಕ್ಕಿಸಿ, ಮೊಲ ಹಿಂಗಾಲ ಮೇಲೆ ನಿಂತು ಎಟುಕಿಸಿಕೊಳ್ಳುವಷ್ಟು ಎತ್ತರದಲ್ಲಿಡಿ. ದಾಸವಾಳದ ಹೂವು ಸಿಕ್ಕರೆ ಅದಕ್ಕೆ ಹಬ್ಬ.

ಕ್ಯಾರೆಟ್ ಮೊಲದ ಮುಖ್ಯ ಆಹಾರವೆಂಬುದು ಕಾರ್ಟೂನುಗಳು ಹಬ್ಬಿಸಿದ ನಂಬಿಕೆ. ಅದರಲ್ಲಿ ಸಕ್ಕರೆ ಹೆಚ್ಚು. ಒಂದು ತೆಳು ಬಿಲ್ಲೆ ಬಹುಮಾನವಾಗಿ ಸಾಕು. ಬಿಸ್ಕತ್ತು, ಚಪಾತಿ, ಅನ್ನ, ಕಡಲೆಬೀಜ ಮೊಲದ ಹೊಟ್ಟೆಗೆ ಆಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಅದಕ್ಕೆ ವಿಷ. ‘ಒಂದು ಚೂರಿಗೆ ಏನಾಗುತ್ತೆ’ ಎನ್ನುವ ಅಜ್ಜಿ ತಾತಂದಿರಿಗೆ ಇದನ್ನು ಮುಂಚೆಯೇ ತಿಳಿಸಿಟ್ಟರೆ ಒಳಿತು.

ಅಗೆಯುವ ಪೆಟ್ಟಿಗೆ

ಸೋಫಾ ಕೆರೆಯುವ ಮೊಲಕ್ಕೆ ಗದರಿಸಿ ಪ್ರಯೋಜನವಿಲ್ಲ. ಕೆರೆಯಲು ಬೇರೆ ಜಾಗ ಬೇಕು. ಮೊಲದ ಮೈಯ ಎರಡರಷ್ಟು ಉದ್ದವಿರುವ ಗಟ್ಟಿ ರಟ್ಟಿನ ಪೆಟ್ಟಿಗೆ ಅಥವಾ ಅಗಲವಾದ ಪ್ಲಾಸ್ಟಿಕ್ ಟಬ್ ತೆಗೆದುಕೊಳ್ಳಿ. ರಟ್ಟಿನದಾದರೆ ಅಂಟುಟೇಪು, ಪಿನ್ನು, ಲೇಬಲ್ಲುಗಳನ್ನು ಪೂರ್ತಿ ಕಿತ್ತು, ಒಂದು ಬದಿಯನ್ನು ನಾಲ್ಕು ಅಂಗುಲ ಬಿಟ್ಟು ಮೇಲಿನ ಭಾಗ ಕತ್ತರಿಸಿ. ಮೊಲ ಹತ್ತಿ ಇಳಿಯುವ ಹೊಸ್ತಿಲು ಅದು. ಒಳಗೆ ಉದ್ದುದ್ದ ಹರಿದ ದಿನಪತ್ರಿಕೆಯನ್ನೂ ಒಣಹುಲ್ಲನ್ನೂ ಬೆರೆಸಿ ಮುಕ್ಕಾಲು ಪಾಲು ತುಂಬಿ. ಮಿಂಚುವ ಕಾಗದದ ಜಾಹೀರಾತು ಪುಟಗಳು ಬೇಡ. ಟಬ್ ಆದರೆ ಗೊಬ್ಬರ ಸೇರಿಸದ ಮಣ್ಣು ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಬಹುದು. ಒಣಗಿದ ಕೋಕೋಪೀಟಿನ ದೂಳು ಮೂಗಿಗೆ ಹೋಗುವುದರಿಂದ ತುಸು ನೀರು ಚಿಮುಕಿಸಿ, ಬೂಷ್ಟು ವಾಸನೆ ಬರುವ ಮೊದಲೇ ಬದಲಾಯಿಸಿ. ಕಟ್ಟಡದ ಮರಳು, ಬೆಕ್ಕಿನ ಮಲಮೂತ್ರಕ್ಕೆಂದು ಹಾಕುವ, ನೆನೆದರೆ ಗಟ್ಟಿಯಾಗುವ ಲಿಟರ್ ಪುಡಿ ಎರಡೂ ಬೇಡ.

ತಳದಲ್ಲಿ ಕೊತ್ತಂಬರಿಯ ದಂಟುಗಳನ್ನು ಹೂತಿಟ್ಟು ಮೊಲವನ್ನು ಬಿಡಿ. ಮೊದಲು ಅದು ಹೊಸ್ತಿಲಿಗೆ ಗದ್ದ ಉಜ್ಜುತ್ತದೆ. ಗದ್ದದಡಿಯ ಗ್ರಂಥಿಯಿಂದ ತನ್ನ ವಾಸನೆ ಹಚ್ಚಿ ಇದು ತನ್ನದೆಂದು ಗುರುತು ಹಾಕುವ ಕ್ರಮ ಅದು. ನಂತರ ಒಳಗೆ ಜಿಗಿದು, ಎರಡೂ ಮುಂಗಾಲುಗಳಿಂದ ಸರಸರನೆ ಕೆರೆದು, ಹಿಂಗಾಲ ನಡುವಿನಿಂದ ಕಾಗದವನ್ನು ಹಿಂದಕ್ಕೆ ತಳ್ಳಿ, ಸಾಕಷ್ಟು ಗುಡ್ಡೆ ಸೇರಿದ ಮೇಲೆ ಗಿರಕ್ಕನೆ ತಿರುಗಿ, ಕಣದಲ್ಲಿ ರಾಶಿ ನೂಕುವವರಂತೆ ಅದನ್ನು ಮುಂಗಾಲಿನಿಂದ ಆಚೆಗೆ ನೂಕುತ್ತದೆ. ಮನೆ ಗಲೀಜಾಗುತ್ತದೆ, ನಿಜ. ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿದ್ದರೆ ಕೊನೆಗೆ ಗಂಟು ಕಟ್ಟಿ ಝಾಡಿಸಿದರಾಯಿತು.

ಕಡಿಯಲು ಕೊಂಬೆ, ಅಡಗಲು ಸುರಂಗ

ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆ ಸೀಮೆಯವರಿಗೆ ಕಡಿಯುವ ಸಾಮಗ್ರಿಯ ಚಿಂತೆಯಿಲ್ಲ: ಹಿಪ್ಪುನೇರಳೆಯ ಎಲೆ, ರೆಂಬೆ ಎರಡನ್ನೂ ಮೊಲ ಇಷ್ಟಪಟ್ಟು ತಿನ್ನುತ್ತದೆ. ಆದರೆ ಹುಳು ಮೇಯ್ದು ಬಿಟ್ಟ ರೆಂಬೆಗಳನ್ನು ತರಬಾರದು. ಹುಳುವಿನ ಹಾಸಿಗೆಗೆ ಸುಣ್ಣ ಮತ್ತು ಸೋಂಕುನಿವಾರಕ ಪುಡಿ ಉದುರಿಸಿರುತ್ತಾರೆ. ತೋಟದಿಂದ ನೇರವಾಗಿ, ಔಷಧಿ ಹೊಡೆಯದ ಗಿಡದಿಂದ ಕತ್ತರಿಸಿ ತನ್ನಿ. ಸೀಬೆಯ ಕೊಂಬೆಯೂ ಆಗುತ್ತದೆ. ಪಾಲಿಶ್ ಮಾಡಿದ ಮರ, ಪ್ಲೈವುಡ್ ಚೂರು, ಪ್ಲಾಸ್ಟಿಕ್ ಬೇಡ.

ಎರಡು ಪೆಟ್ಟಿಗೆಗಳನ್ನು ಜೋಡಿಸಿ ನಡುವೆ ಬಾಗಿಲು ಕೊರೆದರೆ ಸುರಂಗ ಸಿದ್ಧ. ಪ್ರತಿ ಪೆಟ್ಟಿಗೆಗೂ ಎರಡು ಬಾಗಿಲಿರಲಿ; ಹಿಂಬಾಗಿಲಿಲ್ಲದ ಜಾಗವನ್ನು ಬೇಟೆಗೆ ಗುರಿಯಾಗುವ ಪ್ರಾಣಿ ನಂಬುವುದಿಲ್ಲ. ಆಟದ ವಸ್ತುಗಳನ್ನೆಲ್ಲ ಒಟ್ಟಿಗೆ ಹರಡದೆ ಅರ್ಧದಷ್ಟನ್ನು ಎತ್ತಿಟ್ಟು ಕೆಲವು ದಿನಗಳಿಗೊಮ್ಮೆ ಬದಲಾಯಿಸಿದರೆ ಹಳೆಯದೂ ಹೊಸದಾಗುತ್ತದೆ.

ನೆಲಕ್ಕೆ ಕುಳಿತು ಕಲಿಸಿ

ಮೊಲಕ್ಕೆ ಬುದ್ಧಿ ಕಡಿಮೆಯೆನ್ನುವವರು ಅದಕ್ಕೆ ಏನನ್ನೂ ಕಲಿಸಲು ಹೋಗಿರುವುದಿಲ್ಲ. ಸ್ವೀಡನ್ನಿನಲ್ಲಿ 1970ರ ದಶಕದಿಂದ ಮೊಲಗಳ ಅಡೆತಡೆ ಜಿಗಿತದ ಸ್ಪರ್ಧೆಗಳೇ ನಡೆಯುತ್ತಿವೆ. ಮನೆಯಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಪೆಲೆಟ್ ಹಾಕಿ ಅಲ್ಲಾಡಿಸಿ, ಹೆಸರು ಕರೆದು, ಬಂದ ಕೂಡಲೇ ಒಂದನ್ನು ಕೊಡಿ. ಕೆಲವೇ ದಿನಗಳಲ್ಲಿ ಹೆಸರಿಗೇ ಬರತೊಡಗುತ್ತದೆ. ಆಮೇಲೆ ಮರದ ಸೌಟಿನ ತುದಿಯನ್ನು ಮೂಗಿನಿಂದ ಮುಟ್ಟಿದಾಗಲೆಲ್ಲ ನಾಲಿಗೆಯಲ್ಲಿ ‘ಟಕ್’ ಎನಿಸಿ ಬಹುಮಾನ ಕೊಡಿ. ಮುಟ್ಟುವುದು ರೂಢಿಯಾದ ಮೇಲೆ ಸೌಟು ಹೋದಲ್ಲೆಲ್ಲ ಮೊಲ ಹಿಂಬಾಲಿಸುತ್ತದೆ. ಸುತ್ತು ಹಾಕಿಸಬಹುದು, ತಗ್ಗಾದ ಕೋಲನ್ನು ದಾಟಿಸಬಹುದು, ಮುಖ್ಯವಾಗಿ ಎತ್ತಿ ಹಿಡಿಯದೆಯೇ ಗೂಡಿಗೆ ಸೇರಿಸಬಹುದು. ಒಂದು ಸಲಕ್ಕೆ ಐದು ನಿಮಿಷ ಸಾಕು. ಸೌಟನ್ನು ಮುಖಕ್ಕೆ ನೇರವಾಗಿ ಹಿಡಿಯದೆ ಪಕ್ಕದಿಂದ ತನ್ನಿ. ಸುತ್ತಲೂ ಕಾಣುವ ಮೊಲಕ್ಕೆ ಮೂಗಿನ ಎದುರಿಗಿರುವುದೇ ಕಾಣುವುದಿಲ್ಲ.

ಮೊಲ ಒಮ್ಮೆಲೇ ಗಾಳಿಗೆ ನೆಗೆದು, ತಲೆ ಒಂದು ಕಡೆಗೂ ಮೈ ಇನ್ನೊಂದು ಕಡೆಗೂ ತಿರುಚಿ ಇಳಿದರೆ ಅದು ಉಲ್ಲಾಸ. ಧೊಪ್ಪನೆ ಪಕ್ಕಕ್ಕೆ ಉರುಳಿ ಕಾಲು ಚಾಚಿದರೆ ನೆಮ್ಮದಿ. ಹಿಂಗಾಲಿನಿಂದ ನೆಲ ಗುದ್ದಿದರೆ ಹೆದರಿಕೆ ಅಥವಾ ಸಿಟ್ಟು, ಆಟ ನಿಲ್ಲಿಸಿ. ಅಂಗಾತ ಮಲಗಿಸಿದಾಗ ಮೊಲ ಅಲ್ಲಾಡದಿರುವುದು ಭಯದಿಂದ, ಸುಖದಿಂದಲ್ಲ. ವಿಡಿಯೊಗಳಿಗಾಗಿ ಹಾಗೆ ಮಾಡುವುದನ್ನು ಬಿಡಬೇಕು. ಮಕ್ಕಳು ಎತ್ತಿಕೊಳ್ಳುವುದಂತೂ ಬೇಡವೇ ಬೇಡ. ಹಿಂಭಾಗಕ್ಕೆ ಆಸರೆಯಿಲ್ಲದೆ ಎತ್ತಿದಾಗ ಅದು ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು.

ಬೇಸಿಗೆ ಮತ್ತು ಪಟಾಕಿ

ಏಪ್ರಿಲ್, ಮೇ ತಿಂಗಳಲ್ಲಿ ಮೊಲ ಆಡದಿದ್ದರೆ ಬೇಸರವೆಂದು ತಿಳಿಯಬೇಡಿ. ಅದಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬಾರದು. ಕಿವಿಗಳ ಮೂಲಕವೇ ಹೆಚ್ಚಿನ ಶಾಖ ಹೊರಹೋಗುತ್ತದೆ. 28 ಡಿಗ್ರಿ ದಾಟಿದರೆ ಕಷ್ಟ, 40 ಮೀರುವ ಕಲಬುರಗಿ, ರಾಯಚೂರುಗಳಲ್ಲಿ ಅಪಾಯ. ಫ್ಯಾನು, ಅಗಲವಾದ ಮಣ್ಣಿನ ಬಟ್ಟಲಿನಲ್ಲಿ ನೀರು, ಬಟ್ಟೆ ಸುತ್ತಿದ ಐಸ್ ಬಾಟಲಿ ಇರಲಿ. ದೀಪಾವಳಿಯಲ್ಲಿ ಒಳಕೋಣೆಗೆ ತಂದು, ಕಿಟಕಿ ಮುಚ್ಚಿ, ಸುರಂಗದ ಪೆಟ್ಟಿಗೆಯನ್ನು ಹುಲ್ಲಿನಿಂದ ತುಂಬಿಡಿ.

ಕೊನೆಯ ಹೆಜ್ಜೆ: ಜೊತೆ

ಇಷ್ಟೆಲ್ಲ ಮಾಡಿದ ಮೇಲೂ ಒಂಟಿ ಮೊಲಕ್ಕೆ ಇನ್ನೊಂದು ಮೊಲದ ಬದಲಿಯಾಗಿ ಮನುಷ್ಯರು ಸಾಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಪರಸ್ಪರ ಮುಖ ನೆಕ್ಕುವುದು, ಮೈಗೆ ಮೈ ತಾಗಿಸಿ ಮಲಗುವುದು ನಮ್ಮಿಂದಾಗುವ ಕೆಲಸವಲ್ಲ. ಹಾಗೆಂದು ಇನ್ನೊಂದನ್ನು ಕೊಂಡು ತಂದು ನೇರವಾಗಿ ಒಂದೇ ಗೂಡಿಗೆ ಹಾಕಿದರೆ ರಕ್ತ ಬರುವಂತೆ ಕಚ್ಚಾಡುತ್ತವೆ. ಗಂಡು ಹೆಣ್ಣಾದರೆ ಸುಮಾರು 31 ದಿನಗಳಲ್ಲಿ ಮರಿಗಳಾಗುತ್ತವೆ. ಆದ್ದರಿಂದ ಮೊದಲು ಎರಡು ಮೊಲಗಳಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಹೆಚ್ಚುವ ಗರ್ಭಕೋಶದ ಕ್ಯಾನ್ಸರನ್ನೂ ಅದು ತಪ್ಪಿಸುತ್ತದೆ. ಗಾಯ ಮಾಗಿದ ನಂತರವೂ ಹಾರ್ಮೋನು ಇಳಿಯಲು ಕೆಲವು ವಾರ ಬಿಡಿ. ಆಮೇಲೆ ಅಕ್ಕಪಕ್ಕದ ಬೇಲಿಗಳಲ್ಲಿಟ್ಟು, ಹಾಸಿದ ಬಟ್ಟೆ, ಹುಲ್ಲಿನ ಬುಟ್ಟಿಗಳನ್ನು ಅದಲುಬದಲು ಮಾಡುತ್ತಾ ವಾಸನೆ ಪರಿಚಯವಾಗಲು ಬಿಡಬೇಕು. ಬೇಲಿಯ ಎರಡೂ ಬದಿಗೆ ತಾಗಿಕೊಂಡೇ ಮಲಗತೊಡಗಿದ ಮೇಲೆ, ಎರಡಕ್ಕೂ ಹೊಸದಾದ ಜಾಗದಲ್ಲಿ, ನೀವು ಪಕ್ಕದಲ್ಲೇ ಕುಳಿತು, ದಿನಕ್ಕೆ ಹತ್ತು ಹದಿನೈದು ನಿಮಿಷ ಒಟ್ಟಿಗೆ ಬಿಡಿ. ಬೆನ್ನಟ್ಟುವುದು, ಸ್ವಲ್ಪ ರೋಮ ಕೀಳುವುದು ಸಹಜ. ಗುಂಡಗೆ ಸುತ್ತಿಕೊಂಡು ಕಚ್ಚಾಡಿದರೆ ಬರಿಗೈ ಹಾಕದೆ ದಪ್ಪ ಟವೆಲ್ ಎಸೆದು ಬಿಡಿಸಿ, ಕೆಲವು ದಿನ ಮತ್ತೆ ಬೇಲಿಗೇ ಹಿಂದಿರುಗಿ.